ತಕ್ಕಡಿ ಮೇಡಂ ಸಾಕಿದ ಸಮುದ್ರ

ಕಣ್ಣಿನ ಆಸ್ಪತ್ರೆಯ ಗಾಜಿನ ತೊಟ್ಟಿಯಲ್ಲಿ ಓಡಾಡುತ್ತಿದ್ದ ಮೀನು ಬ್ಯಾಟರಿಯದು ಎಂದು ತಕ್ಕಡಿ ಮೇಡಂ ನೋಡಿದ ಕೂಡಲೇ ತೀರ್ಮಾನ ಮಾಡಿಬಿಟ್ಟರು.

ಅತ್ತೆಯ ಕಣ್ಣಿನ ಪೊರೆ ತೆಗೆಸಲು ಬಂದಿದ್ದ ದಿನ ಅದು. ಅತ್ತೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮಾಡಲು ಬೇರೆ ಕೆಲಸವಿರಲಿಲ್ಲ. ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂತರು. ಹೆಬ್ಬೆರಳಿನಷ್ಟು ಮೀನು, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ. ನೀರೊಳಗೆ ತೂಗಾಡುವ ಒಂದು ಹೂವಿನಂಥದ್ದರೊಳಗೆ ನುಗ್ಗುವುದು, ಹೊರಗೆ ಬರುವುದು, ಮತ್ತೆ ನುಗ್ಗುವುದು. ಜೀವ ಇರುವ ಯಾವ ಪ್ರಾಣಿ ಹೀಗೆ ಬೇಸರವಿಲ್ಲದೆ ಒಂದೇ ಕೆಲಸ ಮಾಡಿಕೊಂಡಿರುತ್ತದೆ? ಮೇಡಂ ಎದ್ದು ತೊಟ್ಟಿಯ ಹಿಂದೆ ಬಗ್ಗಿ ನೋಡಿದರು. ಒಂದಲ್ಲ, ನಾಲ್ಕು ವೈರು. ‘ಹಾಂ, ಸಿಕ್ಕಿಬಿತ್ತು’ ಅಂದುಕೊಂಡು ಗಾಜಿನ ಮೇಲೆ ಎರಡು ಸಲ ತಟ್ಟಿದರು.

“ತಟ್ಟಬೇಡಿ ಮೇಡಂ, ಹೆದರ್ಕೊಳ್ಳುತ್ತೆ,” ಎಂದಳು ಚೀಟಿ ಬರೆಯುತ್ತಿದ್ದಾಕೆ.

“ನಿಜವಾದ ಮೀನಾ ಇದು?”

“ಮತ್ತೆ? ಸಮುದ್ರದ್ದು. ಉಪ್ಪು ನೀರಲ್ಲೇ ಇರೋದು.”

“ಸಮುದ್ರ ಇಲ್ಲಿಂದ ಒಂದು ದಿನದ ದಾರಿ. ನೀರು ಯಾರು ಹೊತ್ತು ತರ್ತಾರೆ?”

“ಇಲ್ಲೇ ಕಲಸ್ತಾರೆ ಮೇಡಂ.”

ಹಾಲಿಗೆ ನೀರು ಕಲಸುವವರನ್ನು ಮೇಡಂ ಬೇಕಾದಷ್ಟು ಕಂಡಿದ್ದರು. ನೀರಿಗೆ ಸಮುದ್ರವನ್ನೇ ಕಲಸುವವರನ್ನು ಕಂಡಿರಲಿಲ್ಲ.

ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆಯ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆ, ತೂಕದ ಬಟ್ಟಿನ ಅಡಿ ಕೊರೆದಿದ್ದಾರೋ, ಲೀಟರಿನ ಡಬ್ಬಿಯ ತಳ ಒಳಕ್ಕೆ ತಗ್ಗಿದೆಯೋ ಎಂದು ನೋಡುವ ಕೆಲಸ. ಅವರು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ಅಂಗಡಿಗಳಲ್ಲಿ ಬಟ್ಟುಗಳು ಬದಲಾಗುತ್ತಿದ್ದವು. ‘ತಕ್ಕಡಿ ಮೇಡಂ ಬಂದ್ರು’ ಎಂಬ ಮಾತು ಅವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು. ನಿವೃತ್ತಿಯಾಗಿ ನಾಲ್ಕು ತಿಂಗಳಾದರೂ ಕೈಚೀಲದಲ್ಲಿ ನೂರು ಗ್ರಾಮಿನ ಹಿತ್ತಾಳೆ ಬಟ್ಟು ಹಾಗೇ ಇತ್ತು. ತರಕಾರಿಯವಳ ತಕ್ಕಡಿಗೆ ಮೊದಲು ಅದನ್ನಿಟ್ಟು ನೋಡಿ, ಆಮೇಲೆ ಬದನೆಕಾಯಿ ಆರಿಸುತ್ತಿದ್ದರು.

ಈ ಸಂಶಯ ನೌಕರಿಯಿಂದ ಅಂಟಿದ್ದಲ್ಲ. ನೌಕರಿಯೇ ಸಂಶಯದಿಂದ ಬಂದದ್ದು. ಅವರ ಅಪ್ಪ ಒಂದು ದಿನಸಿ ಅಂಗಡಿಯಲ್ಲಿ ತೂಗುವ ಕೆಲಸದಲ್ಲಿದ್ದರು. ಮನೆಯಲ್ಲಿ ದೇವರಂಥ ಮನುಷ್ಯ. ಎಂಟು ವರ್ಷದ ಮಗಳು ಒಂದು ದಿನ ಊಟದ ಬುತ್ತಿ ಕೊಡಲು ಹೋದಾಗ, ಅಪ್ಪನ ಕಿರುಬೆರಳು ತಕ್ಕಡಿಯ ತಟ್ಟೆಯ ಅಂಚನ್ನು ಮೆಲ್ಲಗೆ ಒತ್ತಿದ್ದು ಕಂಡಿತು. ಎದುರಿಗಿದ್ದ ಗಿರಾಕಿಗೆ ಕಾಣಲಿಲ್ಲ. ಬುತ್ತಿ ಹಿಡಿದು ಪಕ್ಕದಲ್ಲಿ ನಿಂತವಳಿಗೆ ಕಂಡಿತು. ಅವತ್ತಿನಿಂದ ಯಾರ ಮುಖವನ್ನೂ ನೋಡದೆ ಕೈ ನೋಡುವ ಅಭ್ಯಾಸ ಬಂತು.

ಅತ್ತೆಯ ಕಣ್ಣಿಗೆ ಎರಡು ಸಲ ತೋರಿಸಿದರೆ ಸಾಕಿತ್ತು. ಮೇಡಂ ಆರು ಸಲ ಕರೆದುಕೊಂಡು ಹೋದರು. ಹೋದಾಗೆಲ್ಲ ತೊಟ್ಟಿಯ ಎದುರೇ ಕೂರುವುದು. ಮೂರನೆಯ ಸಲ ಮೀನು ಹೇತದ್ದು ಕಂಡು, ಬ್ಯಾಟರಿಯ ವಾದ ಬಿದ್ದುಹೋಯಿತು. ಆರನೆಯ ಸಲ ಅತ್ತೆ ಸೊಂಟಕ್ಕೆ ಕೈಯಿಟ್ಟು ಹೇಳಿದರು: “ನನ್ನ ಕಣ್ಣು ವಾಸಿಯಾಯ್ತು ಕಣೇ. ಈಗ ನಿನ್ನ ಕಣ್ಣಿಗೇ ಏನೋ ಆಗಿದೆ, ಡಾಕ್ಟರಿಗೆ ತೋರಿಸ್ಕೋ.”

ಆಗಿದ್ದು ಇಷ್ಟೇ. ಒಂದು ದಿನದ ದಾರಿಯಲ್ಲಿರುವ ಸಮುದ್ರ ಗಾಜಿನ ಪೆಟ್ಟಿಗೆಯಲ್ಲಿ ಬದುಕಿರುವುದು ನಿಜವಾದರೆ, ಅದನ್ನು ತನ್ನ ಮನೆಯಲ್ಲಿ, ತನ್ನ ಕೈಯಿಂದ, ತನ್ನ ಅಳತೆಯಿಂದ ಮಾಡಿ ನೋಡಬೇಕು ಅನ್ನಿಸಿತ್ತು. ಕೈಯಾರೆ ಮಾಡದೆ ನಂಬುವ ಪೈಕಿ ಅವರಲ್ಲ. ಚೀಟಿಯವಳ ಹತ್ತಿರ, ಆಸ್ಪತ್ರೆಯ ತೊಟ್ಟಿ ನೋಡಿಕೊಳ್ಳುವವನ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಮಾರನೆಯ ದಿನವೇ ಹೊರಟರು.

ಬಸ್ ನಿಲ್ದಾಣದ ಹಿಂದಿನ ಗಲ್ಲಿ. ಟೈರಿನ ಅಂಗಡಿಗೂ ಗಾಜು ಕತ್ತರಿಸುವವನಿಗೂ ನಡುವೆ ಇಕ್ಕಟ್ಟಾದ ಬಾಗಿಲು. ಒಳಗೆ ನೀಲಿ ಬೆಳಕು, ಗುಳುಗುಳು ಸದ್ದು. ಬನಿಯನ್ನಿನ ಮೇಲೆ ರಬ್ಬರಿನ ಏಪ್ರನ್ ಕಟ್ಟಿಕೊಂಡು, ಮೊಣಕೈವರೆಗೆ ನೀರಲ್ಲಿ ಕೈಬಿಟ್ಟು ನಿಂತಿದ್ದವನು ತಿರುಗಿದ. ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು.

ಆ ಬೋಳು ಹುಬ್ಬು, ಸೀಳಿದ ಕಿವಿ. ಹನ್ನೆರಡು ವರ್ಷದ ಹಿಂದೆ ಮೀನು ಮಾರುಕಟ್ಟೆಯಲ್ಲಿ ಇದೇ ಆಸಾಮಿಯ ತಕ್ಕಡಿಯನ್ನು ಅವರೇ ಜಪ್ತಿ ಮಾಡಿದ್ದರು. ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದ್ದ. ಇಡೀ ಮಾರುಕಟ್ಟೆ ಸುತ್ತ ನಿಂತು ನೋಡಿತ್ತು. ಅವನು ಇವರನ್ನೇ ನೋಡಿದ್ದ.

“ಬನ್ನಿ ಮೇಡಂ, ಏನು ಬೇಕಿತ್ತು?”

ಗುರುತು ಸಿಕ್ಕಿಲ್ಲವೋ, ಸಿಕ್ಕೂ ನಟಿಸುತ್ತಿದ್ದಾನೋ? ಎಲ್ಲರನ್ನೂ ‘ಮೇಡಂ’ ಅನ್ನುವ ಕಾಲ. ಅದರಿಂದ ಏನೂ ಗೊತ್ತಾಗಲಿಲ್ಲ. ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಊರಿನಲ್ಲಿ ಸಮುದ್ರದ ಮೀನಿನ ಅಂಗಡಿ ಅದೊಂದೇ.

“ಸಮುದ್ರದ ಮೀನು ಸಾಕಬೇಕು. ಆ ಪಟ್ಟೆಯದು. ಎರಡು ಕೊಡಿ.”

“ಮೊದಲು ಸಾಕಿದೀರಾ?”

“ಇಲ್ಲ.”

“ಹಾಗಾದ್ರೆ ಇವತ್ತು ಕೊಡಲ್ಲ. ತೊಟ್ಟಿ, ಮರಳು, ಉಪ್ಪು, ಕಲ್ಲು, ಪಂಪು, ಹೀಟರ್ ತಗೊಂಡು ಹೋಗಿ. ನೀರು ಕಲಸಿ ಬಿಡಿ. ಮೀನಿಗೆ ಒಂದೂವರೆ ತಿಂಗಳು ಬಿಟ್ಟು ಬನ್ನಿ.”

ಮೇಡಂ ಮೂವತ್ತೊಂದು ವರ್ಷದಲ್ಲಿ ಕಡಿಮೆ ತೂಗುವವನನ್ನು ಕಂಡಿದ್ದರು, ಕೊಳೆತದ್ದನ್ನು ಅಡಿಗೆ ಹಾಕುವವನನ್ನು ಕಂಡಿದ್ದರು. ಬಂದ ಗಿರಾಕಿಗೆ ಸರಕನ್ನೇ ಕೊಡದವನನ್ನು ಕಂಡಿದ್ದು ಇದೇ ಮೊದಲು. ಇದರಲ್ಲಿ ಏನೋ ಇದೆ.

“ಒಂದೂವರೆ ತಿಂಗಳು ಖಾಲಿ ನೀರು ನೋಡ್ತಾ ಕೂರಬೇಕಾ?”

“ಖಾಲಿ ಅಲ್ಲ. ಕಲ್ಲಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತೆ. ಮೀನಿನ ಹೇಲು ಉಚ್ಚೆಯ ವಿಷ ತಿಂದು ನೀರು ಚೊಕ್ಕ ಮಾಡೋದು ಅದೇ. ಅದು ಬೆಳೆಯೋಕೆ ಟೈಂ ಬೇಕು. ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕ್ತಾ ಇರಿ.”

“ಮೀನೇ ಇಲ್ಲದ ನೀರಿಗೆ ಊಟ?”

“ಹೂಂ ಮೇಡಂ.”

ಕಣ್ಣಿಗೆ ಕಾಣದ ಜೀವಕ್ಕೆ ಊಟ ಹಾಕು ಅನ್ನುತ್ತಾನೆ. ಸೇಡು ತೀರಿಸಿಕೊಳ್ಳುವುದಕ್ಕೆ ಒಳ್ಳೆಯ ದಾರಿಯನ್ನೇ ಹಿಡಿದಿದ್ದಾನೆ ಅಂದುಕೊಂಡರು ಮೇಡಂ. ಆದರೂ ಎಲ್ಲವನ್ನೂ ಕೊಂಡರು. ಒಂದನ್ನು ಬಿಟ್ಟು. ನೀರಿನ ಉಪ್ಪು ಅಳೆಯಲು ಅವನೊಂದು ಪುಟ್ಟ ದುರ್ಬೀನಿನಂಥದನ್ನು ತೋರಿಸಿದ. ತುದಿಗೆ ಒಂದು ಹನಿ ನೀರು ಬಿಟ್ಟು ಕಣ್ಣಿಗೆ ಹಿಡಿದರೆ ಎಷ್ಟು ಉಪ್ಪಿದೆ ಎಂದು ಅಂಕಿ ಕಾಣುತ್ತದೆ. ಮೂವತ್ತೈದಕ್ಕೆ ಇರಬೇಕು, ಅದು ಸಮುದ್ರದ ಲೆಕ್ಕ ಎಂದ.

“ಅಳತೆ ನಾನೇ ಬೇರೆ ಕಡೆ ತಗೋತೀನಿ,” ಎಂದರು ಮೇಡಂ. ಸರಕೂ ಅವನದೇ, ಅಳತೆಯೂ ಅವನದೇ ಆದರೆ ಆಯಿತಲ್ಲ ಕಥೆ!

ಪೇಟೆಯಲ್ಲಿ ಹುಡುಕಿ ಬೇರೆಯದೇ ಒಂದನ್ನು ತಂದರು. ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ. ಒಳಗೆ ನೀರು ತುಂಬಿದರೆ ಒಂದು ಮುಳ್ಳು ಮೇಲೇಳುತ್ತದೆ. ಉಪ್ಪು ಹೆಚ್ಚಿದಷ್ಟೂ ಮುಳ್ಳು ಮೇಲೆ. ಥೇಟ್ ತಕ್ಕಡಿಯ ಮುಳ್ಳಿನಂತೆ. ಮುಳ್ಳು ಕಂಡರೆ ಮೇಡಂಗೆ ಅರ್ಧ ನಂಬಿಕೆ ಬಂದ ಹಾಗೆ.

ಮನೆಯ ಹಾಲ್‌ನ ಮೂಲೆಯಲ್ಲಿ, ಗಂಡನ ಹಳೆಯ ಬೈಂಡಿಂಗ್ ಮೇಜಿನ ಮೇಲೆ ತೊಟ್ಟಿ ಕೂತಿತು. ಗಂಡ ಪುಸ್ತಕಗಳಿಗೆ ರಟ್ಟು ಹಾಕುವವರು. ಬೆರಳ ತುದಿಯಲ್ಲಿ ಯಾವಾಗಲೂ ಅಂಟು, ನಾಲಿಗೆಯ ತುದಿಯಲ್ಲಿ ಯಾವಾಗಲೂ ತಮಾಷೆ. ಬಕೆಟ್ಟಿನಲ್ಲಿ ಫಿಲ್ಟರ್ ನೀರು ಹಿಡಿದು, ಉಪ್ಪು ತೂಗಿ ಹಾಕಿ, ಮರದ ಸೌಟಿನಿಂದ ಕಲಸುತ್ತಿದ್ದ ಹೆಂಡತಿಯನ್ನು ನೋಡಿ ಕೇಳಿದರು: “ಒಗ್ಗರಣೆ ಯಾವಾಗ?”

“ರೀ, ಸುಮ್ನಿರಿ. ಲೆಕ್ಕ ತಪ್ಪುತ್ತೆ.”

ಮುಳ್ಳು ಸರಿಯಾಗಿ ಮೂವತ್ತೈದಕ್ಕೆ ನಿಂತಿತು. ಮೇಡಂ ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡರು.

ಆಮೇಲಿನ ದಿನಗಳಲ್ಲಿ ಅಂಗಡಿಯವನು ಹೇಳಿದ್ದೆಲ್ಲ ಒಂದೊಂದಾಗಿ ನಿಜವಾಗುತ್ತ ಹೋಯಿತು. ನೀರು ಪರೀಕ್ಷಿಸಲು ಪೇಟೆಯಿಂದ ತಂದ ಟೆಸ್ಟ್ ಕಿಟ್ಟಿನ ಗಾಜಿನ ನಳಿಗೆಯಲ್ಲಿ ಹನಿ ಹಾಕಿದರೆ ನೀರು ಹಸಿರಾಗುತ್ತದೆ, ಅದು ವಿಷ ಏರಿದ ಗುರುತು ಎಂದಿದ್ದ. ಹಸಿರಾಯಿತು. ಎರಡು ವಾರ ಬಿಟ್ಟರೆ ಹಳದಿಗೆ ತಿರುಗುತ್ತದೆ ಎಂದಿದ್ದ. ತಿರುಗಿತು. ಮೂರನೆಯ ವಾರ ಮರಳಿನ ಮೇಲೆಲ್ಲ ಕಂದು ಲೋಳೆ ಹರಡಿದಾಗ ಮಾತ್ರ, ಕೊಳಚೆ ಮರಳು ಕೊಟ್ಟಿದ್ದಾನೆಂದು ಮೇಡಂ ಅಂಗಡಿಗೆ ಧಾವಿಸಿದರು. “ಬರಲಿ ಬಿಡಿ, ಬಂದ ಹಾಗೇ ಹೋಗುತ್ತೆ,” ಎಂದ. ಹತ್ತು ದಿನಕ್ಕೆ ಹೋಯಿತು.

ಬೇರೆ ಯಾರಾದರೂ ಆಗಿದ್ದರೆ ನಂಬಿಕೆ ಹುಟ್ಟುತ್ತಿತ್ತು. ಮೇಡಂಗೆ ಸಂಶಯ ಗಟ್ಟಿಯಾಯಿತು. ಪಳಗಿದ ಮೋಸಗಾರ ಮೊದಲು ಹತ್ತು ನಿಜ ಹೇಳುತ್ತಾನೆ, ಹನ್ನೊಂದನೆಯದಕ್ಕೆ ಬಲೆ ಬೀಸುತ್ತಾನೆ. ಇವನ ಹನ್ನೊಂದನೆಯದು ಯಾವುದು?

ಅದೂ ಸಿಕ್ಕಿತು. ತೊಟ್ಟಿಯ ನೀರು ದಿನಕ್ಕಿಷ್ಟು ಇಳಿಯುತ್ತಿತ್ತು. “ನೀರು ಹಾರಿಹೋಗುತ್ತೆ, ಉಪ್ಪು ಹಾರಲ್ಲ. ಕಡಿಮೆಯಾದಷ್ಟು ಬರೀ ಸಿಹಿನೀರು ಹಾಕಿ,” ಎಂದು ಅವನು ಹೇಳಿಕೊಟ್ಟಿದ್ದ. ಮೇಡಂ ಗಾಜಿನ ಮೇಲೆ ಗೆರೆ ಎಳೆದು, ಗೆರೆಯ ಮಟ್ಟಕ್ಕೆ ಸಿಹಿನೀರು ತುಂಬಿಸಿ, ಮುಳ್ಳು ನೋಡಿದರು. ಮೂವತ್ತನಾಲ್ಕು. ಮುಂದಿನ ವಾರ ಮೂವತ್ತಮೂರು.

ಉಪ್ಪು ಹಾರುವುದಿಲ್ಲವಂತೆ! ಹಾಗಾದರೆ ಎಲ್ಲಿಗೆ ಹೋಯಿತು? ತೊಟ್ಟಿ ಸೋರುತ್ತಿದೆಯೇ ಎಂದು ಅಡಿಗೆ ಹಳೆಯ ಪೇಪರ್ ಹಾಸಿದರು. ಗರಿಗರಿಯಾಗೇ ಇತ್ತು. ಮಟ್ಟ ಸರಿಯಿದ್ದೂ ಸತ್ವ ಕಡಿಮೆಯಾಗುತ್ತಿದೆ ಎಂದರೆ ಹಾಲಿನವನ ಲೆಕ್ಕವೇ. ಯಾರೋ ಉಪ್ಪುನೀರು ತೆಗೆದು, ಅಷ್ಟೇ ಸಿಹಿನೀರು ಸುರಿಯುತ್ತಿದ್ದಾರೆ. ಇಲ್ಲವೇ ಅಂಗಡಿಯವನು ಕೊಟ್ಟ ಉಪ್ಪೇ ಕಳಪೆ. ಇಬ್ಬರು ಆರೋಪಿಗಳು. ಒಬ್ಬ ಬಸ್ ನಿಲ್ದಾಣದ ಹಿಂದೆ. ಇನ್ನೊಬ್ಬರು ಮನೆಯ ಅದೇ ಹಾಲ್‌ನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಹೊಸ ಕಣ್ಣಿನಿಂದ ಬೀದಿ ನೋಡುತ್ತ ಕೂತಿದ್ದರು.

ಅತ್ತೆಗೆ ಮಂಡಿನೋವು. ಸಂಜೆ ಹೊತ್ತು ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರುವುದು ವರ್ಷಗಳ ಅಭ್ಯಾಸ. ‘ಅಷ್ಟು ಉಪ್ಪು ಆ ಕಲ್ಲಿಗೆ ಸುರೀತೀಯ, ನನ್ನ ಕಾಲಿಗೆ ಹಾಕಿದ್ರೆ ಎರಡು ಹೆಜ್ಜೆ ಜಾಸ್ತಿ ನಡೀತಿದ್ದೆ’ ಎಂದು ಒಂದು ಸಲ ಅಂದೂ ಇದ್ದರು. ಮೇಡಂಗೆ ಆ ಮಾತು ಈಗ ನೆನಪಾಯಿತು.

ತೊಟ್ಟಿಯ ಮುಚ್ಚಳಕ್ಕೆ ಅಡ್ಡಲಾಗಿ, ಯಾರಿಗೂ ಕಾಣದ ಹಾಗೆ ಒಂದು ಎಳೆ ದಾರ ಅಂಟಿಸಿದರು. ಮೂರು ದಿನ ನೋಡಿದರು. ದಾರ ಹರಿದಿರಲಿಲ್ಲ. ಅತ್ತೆ ನಿರಪರಾಧಿ ಎಂದು ಯಾರಾದರೂ ತಿಳಿಯಬಹುದಿತ್ತು. ಮೇಡಂ ಹಾಗೆ ತಿಳಿಯಲಿಲ್ಲ. ಈಗಷ್ಟೇ ಪೊರೆ ತೆಗೆಸಿದ ಹೊಸ ಕಣ್ಣಲ್ಲವೇ? ದಾರ ಕಂಡಿರಬೇಕು.

“ಅತ್ತೆ, ಕಾಲಿಗೆ ಈ ನೀರು ತಗೊಳ್ತಿದೀರಾ?” ಎಂದು ಕೇಳಿಯೇಬಿಟ್ಟರು.

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನೀನು ಈ ಮನೆಗೆ ಬಂದು ಮೂವತ್ತನಾಲ್ಕು ವರ್ಷ. ನಿನ್ನ ಡಬ್ಬಿಯಿಂದ ಒಂದು ಹರಳು ಸಕ್ಕರೆ ಹೇಳದೆ ತಗೊಂಡಿದೀನಾ?”

“ತಗೊಂಡಿದೀರಿ ಅಂತಲ್ಲ. ಕೇಳ್ದೆ ಅಷ್ಟೇ.”

“ನೀನು ಸುಮ್ನೆ ಕೇಳೋಳಲ್ಲ. ನೀನು ಕೇಳಿದ್ರೆ ಜಪ್ತಿ ಮಾಡೋಕೆ ಬಂದ ಹಾಗೇ ಇರುತ್ತೆ.”

ಅವತ್ತು ಅತ್ತೆ ತಮ್ಮ ಬೆತ್ತದ ಕುರ್ಚಿಯನ್ನು ತಾವೇ ಎಳೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಹಾಕಿಕೊಂಡರು. ಹಾಲಿಗೆ ಬರುವುದನ್ನೇ ಬಿಟ್ಟರು. ಗಂಡ ಎರಡು ದಿನ ತಮಾಷೆ ಮಾಡಲಿಲ್ಲ. ಮೂರನೆಯ ದಿನ, “ಮುಂದಿನ ದಾರ ನನಗಾ?” ಎಂದಷ್ಟೇ ಕೇಳಿ ಕೆಲಸಕ್ಕೆ ಹೋದರು.

ಮೇಡಂಗೆ ಕಸಿವಿಸಿಯಾಯಿತು, ನಿಜ. ಆದರೆ ಮುಳ್ಳು ಸುಳ್ಳು ಹೇಳುವುದಿಲ್ಲವಲ್ಲ. ಕಡಿಮೆಯಾದಷ್ಟು ಉಪ್ಪನ್ನು ಕಲಸಿ ಹಾಕಿದರು. ಮುಳ್ಳು ಮೂವತ್ತೈದಕ್ಕೆ ಬಂತು. ಮತ್ತೆ ಇಳಿಯಿತು. ಮತ್ತೆ ಹಾಕಿದರು.

ಒಂದೂವರೆ ತಿಂಗಳು ತುಂಬಿದ ದಿನ ಅಂಗಡಿಗೆ ಹೋದರು. “ತೊಟ್ಟಿ ನೀರು ಒಂದು ಬಾಟಲಿ ತಂದಿದ್ರೆ ಪರೀಕ್ಷೆ ಮಾಡ್ತಿದ್ದೆ,” ಎಂದ ಅವನು.

“ನನ್ನ ಅಳತೆ ನಾನು ನೋಡಿಕೊಂಡಿದೀನಿ. ಮೀನು ಕೊಡಿ.”

ಅವನು ಬಲೆ ಹಾಕಿ ಎರಡು ಮೀನು ಹಿಡಿದು ಚೀಲಕ್ಕೆ ಬಿಟ್ಟ. ಮೇಡಂ ಮೀನು ನೋಡಲಿಲ್ಲ, ಅವನ ಕೈ ನೋಡಿದರು.

ಮೊದಲ ನಾಲ್ಕು ದಿನ ಮೀನುಗಳು ಕಲ್ಲಿನ ಸುತ್ತ ಜೋಡಿಯಾಗಿ ತಿರುಗಿದವು. ಮೇಡಂ ಬೆಳಗಿನ ಕಾಫಿಯನ್ನು ಅಲ್ಲೇ ಕುಡಿದರು. ಐದನೆಯ ದಿನ ಊಟ ಮುಟ್ಟಲಿಲ್ಲ. ಆರನೆಯ ದಿನ ಒಂದು ಮೀನು ಮೂಲೆ ಹಿಡಿದು ಬಾಯಿ ತೆರೆದು ಮುಚ್ಚಿ ಏದುಸಿರು ಬಿಡತೊಡಗಿತು. ಏಳನೆಯ ದಿನ ಬೆಳಿಗ್ಗೆ ಅದು ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಇನ್ನೊಂದು ಅದೇ ಮೂಲೆಗೆ ಹೋಗಿ ನಿಂತಿತ್ತು.

ಮೇಡಂ ಅತ್ತುಬಿಡುತ್ತಿದ್ದರೇನೋ. ಸಿಟ್ಟು ಬಂದು ಉಳಿಸಿತು. ಹನ್ನೆರಡು ವರ್ಷ ಕಾದಿದ್ದಾನೆ. ನಲವತ್ತೈದು ದಿನ ಆಟ ಆಡಿಸಿ, ಕೊನೆಗೆ ರೋಗದ ಮೀನು ಕೊಟ್ಟಿದ್ದಾನೆ. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ, ತಮ್ಮ ಮುಳ್ಳಿನ ಡಬ್ಬಿಯನ್ನೂ ಸಾಕ್ಷಿಗೆಂದು ಚೀಲಕ್ಕೆ ಹಾಕಿಕೊಂಡು ಹೊರಟರು.

ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಇದ್ದದ್ದು ಒಳ್ಳೆಯದೇ ಆಯಿತು ಅಂದುಕೊಂಡು ಮೇಡಂ ಬಾಗಿಲಿನಿಂದಲೇ ಶುರು ಮಾಡಿದರು.

“ಏನ್ರೀ, ನಾನು ಯಾರು ಅಂತ ಗೊತ್ತಿಲ್ಲದ ಹಾಗೆ ನಟಿಸಿದ್ದು ಸಾಕು. ಮಾರುಕಟ್ಟೆಯಲ್ಲಿ ನಿಮ್ಮ ತಕ್ಕಡಿ ಹಿಡಿದಿದ್ದಕ್ಕೆ ಈಗ ಸೇಡು ತೀರಿಸ್ಕೊಂಡಿರಿ, ಅಲ್ವಾ? ಸಾಯೋ ಮೀನು ಕೊಟ್ಟು?”

ಅವನು ಏಪ್ರನ್ನಿಗೆ ಕೈ ಒರೆಸಿಕೊಂಡ. “ನೀವು ಮೊದಲ ದಿನ ಬಾಗಿಲಲ್ಲಿ ನಿಂತಾಗಲೇ ಗುರುತು ಸಿಕ್ತು ಮೇಡಂ.”

“ಒಪ್ಪಿಕೊಂಡ್ರಲ್ಲ!”

“ಆ ತಕ್ಕಡಿ ಸುಳ್ಳೇ ಆಗಿತ್ತು. ಅಯಸ್ಕಾಂತ ನಾನೇ ಅಂಟಿಸಿದ್ದು. ನಿಮ್ಮ ಮೇಲೆ ಸಿಟ್ಟಿರಲಿಲ್ಲ ಅಂದ್ರೆ ಅದೂ ಸುಳ್ಳಾಗುತ್ತೆ. ಎರಡು ವರ್ಷ ದಿನಾ ಶಾಪ ಹಾಕಿದೀನಿ. ಆದ್ರೆ ಸಿಟ್ಟು ನಿಮ್ಮ ಮೇಲೆ. ಮೀನಿನ ಮೇಲೆ ಏನು ಸಿಟ್ಟು? ಸಾಯೋದು ಅಂತ ಗೊತ್ತಿದ್ರೆ ನಾನು ಮೀನು ಕೈಬಿಡಲ್ಲ. ನೀರು ತಂದಿದೀರಾ? ಕೊಡಿ.”

ಕಳ್ಳ ಕಳ್ಳತನ ಒಪ್ಪಿಕೊಂಡಾಗ ಏನು ಹೇಳಬೇಕೆಂದು ಮೇಡಂ ಅವರ ಕಾನೂನು ಪುಸ್ತಕದಲ್ಲಿ ಇರಲಿಲ್ಲ. ಬಾಟಲಿ ಕೊಟ್ಟರು. ಅವನು ದುರ್ಬೀನಿಗೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದ.

“ನಲವತ್ತೆರಡು! ಉಪ್ಪಿನಕಾಯಿ ಹಾಕೋಕೆ ಹೊರಟಿದ್ರಾ ಮೇಡಂ?”

“ಸುಳ್ಳು. ಬೆಳಿಗ್ಗೆ ನೋಡಿದೀನಿ, ಮೂವತ್ತೈದು ಇತ್ತು.” ಮೇಡಂ ತಮ್ಮ ಡಬ್ಬಿಗೆ ಅದೇ ನೀರು ತುಂಬಿಸಿ ಎತ್ತಿ ಹಿಡಿದರು. ಮುಳ್ಳು ಮೂವತ್ತೈದಕ್ಕೇ ನಿಂತಿತು. ಗಿರಾಕಿಗಳು ಮೂವರೂ ಕತ್ತು ಚಾಚಿ ನೋಡಿದರು. “ನಿಮ್ಮ ದುರ್ಬೀನೇ ಸುಳ್ಳು.”

“ಇರಬಹುದು. ಎರಡರಲ್ಲಿ ಒಂದು ಸುಳ್ಳು ಅನ್ನೋದಂತೂ ಖಾತ್ರಿ. ಯಾವುದು ಅಂತ ನೀವೇ ತೀರ್ಮಾನ ಮಾಡಿ. ಅದು ನಿಮ್ಮ ಕಸುಬು.”

ಆ ಮಾತು ಮೇಡಂಗೆ ನಾಟಿತು. ಹೌದು, ಇದು ಅವರ ಕಸುಬು. ಕೈಚೀಲದಿಂದ ಹಿತ್ತಾಳೆ ಬಟ್ಟು ತೆಗೆದರು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಎತ್ತಿ ಅಡಿ ನೋಡಿದರು, ತಟ್ಟೆ ಕಳಚಿ ತಿರುವಿ ನೋಡಿದರು, ಬಟ್ಟು ಇಟ್ಟರು. ಸರಿಯಾಗಿ ನೂರು. ಉಪ್ಪಿನ ಹೊಸ ಚೀಲ ಒಡೆಸಿದರು. ಒಂದು ಲೀಟರ್ ನೀರಿಗೆ ಮೂವತ್ತೆಂಟು ಗ್ರಾಂ ಎಂದು ಚೀಲದ ಮೇಲೇ ಅಚ್ಚಾಗಿತ್ತು. ತಾವೇ ತೂಗಿದರು, ನೀರನ್ನೂ ತೂಗಿದರು, ತಾವೇ ಕಲಸಿದರು. ಅಂಗಡಿಯವನನ್ನು ಹತ್ತಿರಕ್ಕೂ ಬಿಡಲಿಲ್ಲ. ಕರಗಿ ತಿಳಿಯಾಗುವವರೆಗೆ ಎಲ್ಲರೂ ಕಾದರು. ಒಬ್ಬ ಗಿರಾಕಿಯ ಬಸ್ಸು ಹೋಯಿತು. ಅವನು ಕದಲಲಿಲ್ಲ.

ದುರ್ಬೀನು ಮೂವತ್ತೈದು ತೋರಿಸಿತು. ಮೇಡಂ ತಮ್ಮ ಡಬ್ಬಿಗೆ ಅದೇ ನೀರು ಹೊಯ್ದರು. ಮುಳ್ಳು ಮೆಲ್ಲಗೆ ಎದ್ದು, ಇಪ್ಪತ್ತೆಂಟಕ್ಕೆ ನಿಂತುಬಿಟ್ಟಿತು.

ಡಬ್ಬಿ ಕುಲುಕಿದರು. ಇಪ್ಪತ್ತೆಂಟು. ಚೆಲ್ಲಿ ಮತ್ತೆ ತುಂಬಿದರು. ಇಪ್ಪತ್ತೆಂಟು. ಅಂಗಡಿಯವನು ಒಂದು ಭೂತಗನ್ನಡಿ ತಂದು ಮುಂದಿಟ್ಟ. ಅದರಲ್ಲಿ ಕಂಡಿತು: ಮುಳ್ಳಿನ ಬುಡದಲ್ಲಿ, ಅದು ತಿರುಗುವ ಜಾಗದಲ್ಲಿ, ಬಿಳಿ ಉಪ್ಪಿನ ಹಕ್ಕಳೆ. ಪ್ರತಿ ಸಲ ಅಳೆದ ಮೇಲೆ ಮೇಡಂ ಡಬ್ಬಿಯ ಹೊರಮೈಯನ್ನು ಬಟ್ಟೆಯಿಂದ ಒರೆಸಿ ಇಡುತ್ತಿದ್ದರು. ಒಳಗೆ ಸಿಹಿನೀರು ಹಾಕಿ ತೊಳೆದಿರಲಿಲ್ಲ. ವಾರ ವಾರಕ್ಕೆ ಉಪ್ಪು ಕಟ್ಟಿ, ಮುಳ್ಳು ಭಾರವಾಗಿ, ಕೆಳಗೆ ಕೆಳಗೆ ನಿಂತಿತ್ತು. ತೊಟ್ಟಿಯ ಉಪ್ಪು ಎಲ್ಲಿಗೂ ಹೋಗಿರಲಿಲ್ಲ. ಇದ್ದ ಉಪ್ಪಿನ ಮೇಲೆ ಇವರೇ ಉಪ್ಪು ಸುರಿದಿದ್ದರು.

ಎಷ್ಟು ಅಂಗಡಿಗಳಲ್ಲಿ, ಎಷ್ಟು ಜನರ ಎದುರಿಗೆ ಮೇಡಂ ಕೇಳಿದ್ದರು: ‘ಕೊನೆಯ ಸಲ ಇದನ್ನ ಪರೀಕ್ಷೆ ಮಾಡಿಸಿದ್ದು ಯಾವಾಗ?’ ಈಗ ಅವರನ್ನು ಯಾರೂ ಕೇಳಲಿಲ್ಲ. ಮುಖ ಬಿಸಿಯಾಯಿತು. ಮಾರುಕಟ್ಟೆಯ ಆ ದಿನ ಇವನ ಮುಖವೂ ಹೀಗೇ ಬಿಸಿಯಾಗಿತ್ತೇನೋ ಎಂಬ ಯೋಚನೆ ಬಂತು. ಆದರೆ ಇವನು ಬೇಕೆಂದೇ ಮಾಡಿದ್ದ, ನಾನು ತಿಳಿಯದೆ ಮಾಡಿದೆ ಅಂದುಕೊಂಡರು. ಸತ್ತ ಮೀನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂಬುದೂ ಹಿಂದೆಯೇ ಹೊಳೆಯಿತು.

“ಇನ್ನೊಂದು ಬದುಕಿದೆಯಾ?” ಅವನು ಕೇಳಿದ.

“ಇದೆ. ಮೂಲೆಯಲ್ಲಿ.”

“ಹಾಗಾದ್ರೆ ಬೇಗ ಹೋಗಿ. ಸ್ವಲ್ಪ ನೀರು ತೆಗೆದು ಅಷ್ಟೇ ಸಿಹಿನೀರು ಹಾಕಿ. ಒಂದೇ ಸಲಕ್ಕೆ ಇಳಿಸಬೇಡಿ, ಅದಕ್ಕೂ ಸಾಯುತ್ತೆ. ದಿನಕ್ಕೆ ಒಂದೆರಡು ಅಂಕಿ, ಅಷ್ಟೇ. ಇದನ್ನ ತಗೊಂಡು ಹೋಗಿ,” ಎಂದು ದುರ್ಬೀನನ್ನು ಕೈಗೆ ಕೊಟ್ಟ. “ಮಾರ್ತಿಲ್ಲ. ಆಮೇಲೆ ವಾಪಸ್ ತಂದುಕೊಡಿ.”

ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತರು. “ಈ ಕಸುಬಿಗೆ ಹೇಗೆ ಬಂದ್ರಿ?”

“ಆ ಮೀನು ತೂಕಕ್ಕೆ ಮಾರಬೇಕಿತ್ತು ಮೇಡಂ. ಈ ಮೀನು ಎಣಿಸಿ ಕೊಡೋದು. ನಿಮ್ಮ ಕಾಟ ಇರಲ್ಲ ಅಂತ ಬಂದೆ.” ಗಿರಾಕಿಗಳು ನಕ್ಕರು. ಅವನು ನಗಲಿಲ್ಲ. ತಮಾಷೆಯೋ ನಿಜವೋ ಮೇಡಂಗೆ ದಾರಿಯುದ್ದಕ್ಕೂ ಗೊತ್ತಾಗಲಿಲ್ಲ.

ಮನೆಗೆ ಬಂದವರು ಮೊದಲು ಅಡುಗೆಮನೆಗೆ ಹೋದರು. ಅತ್ತೆ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

“ಅತ್ತೆ, ಉಪ್ಪು ಯಾರೂ ತೆಗೆದಿಲ್ಲ. ನನ್ನ ಮುಳ್ಳೇ ಸುಳ್ಳು ಹೇಳಿತ್ತು.”

“ಮುಳ್ಳು ನನ್ನ ಹತ್ತಿರ ಏನೂ ಹೇಳಿರಲಿಲ್ಲ. ಹೇಳಿದ್ದು ನೀನು.”

“ಹೌದು. ಹೇಳಿದ್ದು ನಾನು. ತಪ್ಪಾಯ್ತು.”

ಅತ್ತೆ ಇನ್ನೊಂದು ಕಾಯಿ ಎತ್ತಿಕೊಂಡರು. ಪರವಾಗಿಲ್ಲ ಎನ್ನಲಿಲ್ಲ. ಮೇಡಂ ಬಕೆಟ್ ಹಿಡಿದು ಹಾಲಿಗೆ ಹೋದರು.

ಐದಾರು ದಿನ ಲೋಟ ಲೋಟವಾಗಿ ನೀರು ತೆಗೆದು, ಲೋಟ ಲೋಟವಾಗಿ ಹಾಕಿದರು. ನಲವತ್ತೊಂದು, ನಲವತ್ತು, ಮೂವತ್ತೆಂಟು. ಮೂವತ್ತೇಳರ ದಿನ ಮೀನು ಮೂಲೆ ಬಿಟ್ಟು ಕಲ್ಲಿನ ಹತ್ತಿರ ಬಂತು. ಮೂವತ್ತೈದರ ದಿನ ಹಾಕಿದ ಊಟವನ್ನು ಬಾಯಿಗೆ ತೆಗೆದುಕೊಂಡು, ಉಗಿದು, ಮತ್ತೆ ತೆಗೆದುಕೊಂಡಿತು. ಮೇಡಂ ಗಂಡನನ್ನು ಕೂಗಿ ಕರೆದರು. ಗಂಡ ಅಂಟಿನ ಕೈಯಲ್ಲೇ ಓಡಿಬಂದು ನೋಡಿ, “ನಿನ್ನ ಅಡುಗೆಗೆ ನಾನೂ ಮೊದಲು ಹೀಗೇ ಮಾಡಿದ್ದೆ,” ಎಂದರು. ಅಡುಗೆಮನೆಯಲ್ಲಿ ಯಾರೋ ಕೆಮ್ಮಿದಂತೆ ನಕ್ಕ ಸದ್ದು ಕೇಳಿತು.

ಹತ್ತನೆಯ ದಿನ ಬೆತ್ತದ ಕುರ್ಚಿ ಹಾಲಿಗೆ ವಾಪಸು ಬಂತು. ಅಡುಗೆಮನೆಯಲ್ಲಿ ಗಾಳಿಯಿಲ್ಲ ಎಂದು ಅತ್ತೆ ಕಾರಣ ಹೇಳಿದರು. ಮೇಡಂ ಆ ಕಾರಣವನ್ನು ಪರೀಕ್ಷೆ ಮಾಡಲು ಹೋಗಲಿಲ್ಲ.

ದುರ್ಬೀನನ್ನು ಹಿಂದಕ್ಕೆ ಕೊಡಲು ಹೋದಾಗ ಅಂಥದೇ ಹೊಸದನ್ನು ಕೊಂಡರು, ಅಲ್ಲೇ ಪರೀಕ್ಷೆ ಮಾಡಿ. ಅಂಗಡಿಯವನು ಹೊಸ ಗಿರಾಕಿಗಳಿಗೆ, ‘ಭಾನುವಾರ ಬನ್ನಿ, ಮೇಡಂ ಇರ್ತಾರೆ, ನಿಮ್ಮ ಅಳತೆ ಸರಿಯಿದೆಯಾ ನೋಡ್ತಾರೆ’ ಎಂದು ಹೇಳತೊಡಗಿದ. ಇದರಲ್ಲಿ ಅವನ ಲಾಭ ಎಷ್ಟಿದೆ ಎಂದು ಮೇಡಂ ಯೋಚಿಸದೆ ಇರಲಿಲ್ಲ. ಆದರೂ ಭಾನುವಾರ ಹೋಗುತ್ತಿದ್ದರು. ಸ್ಟೂಲಿನ ಮೇಲೆ ಕೂತು ಮೊದಲು ತಮ್ಮದನ್ನು ಪರೀಕ್ಷಿಸಿ, ಆಮೇಲೆ ಉಳಿದವರದನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಎರಡು ತಿಂಗಳಾದ ಮೇಲೆ ಒಂಟಿ ಮೀನಿಗೆ ಜೊತೆ ತಂದರು. ಹೊಸದು ಚಿಕ್ಕದು. ನೀರಿಗೆ ಬಿಟ್ಟ ಗಳಿಗೆಯಿಂದ ಹಳೆಯದು ಅದರ ಬೆನ್ನು ಹತ್ತಿತು. ಕಲ್ಲಿನ ಹಿಂದೆ ಅಟ್ಟುವುದು, ಊಟಕ್ಕೆ ಬಂದರೆ ಅಡ್ಡ ಹಾಕುವುದು, ಮೂಲೆಗೆ ಒತ್ತಿ ಅಲುಗಾಡದಂತೆ ಕಾವಲು ನಿಲ್ಲುವುದು. ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತವೆ ಎಂದು ಅಂಗಡಿಯವನು ಹೇಳಿದ್ದ. ಮೇಡಂ ತಾರೀಖು ಬರೆದುಕೊಂಡು ಕಾಯುತ್ತಿದ್ದರು.

ಅತ್ತೆಗೆ ಅಷ್ಟು ತಾಳ್ಮೆ ಇರಲಿಲ್ಲ. ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡು, ಹಳೆಯ ಮೀನಿಗೆ ಬೆರಳು ತೋರಿಸಿ ಗದರಿದರು: “ನಾಚಿಕೆ ಆಗಲ್ವಾ ನಿನಗೆ? ಪಾಪ, ಹೊಸದಾಗಿ ಮನೆಗೆ ಬಂದಿದೆ. ಬಂದವರನ್ನ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾರಾ?”

ಮೇಡಂ ನೋಟ್ ಪುಸ್ತಕದಿಂದ ತಲೆಯೆತ್ತಿ ಅತ್ತೆಯನ್ನು ನೋಡಿದರು. ಅತ್ತೆ ತಿರುಗಿ ಸೊಸೆಯನ್ನು ನೋಡಿದರು. ಮೂವತ್ತನಾಲ್ಕು ವರ್ಷದ ಹಿಂದಿನ ಮೊದಲ ದಿನಗಳು ಇಬ್ಬರಿಗೂ ಚೆನ್ನಾಗಿ ನೆನಪಿದ್ದವು. ಬಾಗಿಲಲ್ಲಿ ನಿಂತಿದ್ದ ಗಂಡ, ಅಂಟು ಒಣಗಿಹೋಗುತ್ತದೆ ಎಂದು ಹೇಳಿ ಅಲ್ಲಿಂದ ಜಾರಿಕೊಂಡರು.